ಗುಮ್ಮಟದ ಪಡುವಣಕ್ಕೆ: ವಿಜಯಪುರ, ತಿಕೋಟಾ, ಬಬಲೇಶ್ವರ ಪರಿಸರದ ಕಡೆಗಣಿತ ಪ್ರೇಕ್ಷಣೀಯ ನೆಲೆಗಳು

ಹದಿನೇಳನೆಯ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ಟ್ಯಾವರ್ನಿಯೆ ತನ್ನ ಪ್ರವಾಸಕಥನದಲ್ಲಿ ವಿಜಯಪುರವನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸಿದ್ದಾನೆ. ಊರು ದೊಡ್ಡದು, ಆದರೆ ಕಟ್ಟಡಗಳ ದೃಷ್ಟಿಯಿಂದಾಗಲಿ ವ್ಯಾಪಾರದ ದೃಷ್ಟಿಯಿಂದಾಗಲಿ ಹೇಳಿಕೊಳ್ಳುವಂಥದು ಅಲ್ಲಿ ಏನೂ ಇಲ್ಲ ಎಂಬುದು ಅವನ ತೀರ್ಪಿನ ಸಾರ. ಅರಮನೆಯ ಕಂದಕದಲ್ಲಿ ಮೊಸಳೆಗಳಿವೆ ಎಂಬ ಸಂಗತಿಯೇ ಅವನ ನೆನಪಿನಲ್ಲಿ ಹೆಚ್ಚಾಗಿ ಉಳಿದಂತಿದೆ. ಇಬ್ರಾಹಿಂ ರೋಜಾ ಆ ವೇಳೆಗೆ ಪೂರ್ಣಗೊಂಡಿತ್ತು. ಗೋಲಗುಮ್ಮಟವೂ ಆ ಶತಮಾನದ ನಡುಭಾಗದ ನಿರ್ಮಾಣವೇ. ಇದಕ್ಕೆ ಅರ್ಧ ಶತಮಾನದಷ್ಟು ಹಿಂದೆ, ಅಕ್ಬರನ ದೂತನಾಗಿ 1603-04ರಲ್ಲಿ ಇಲ್ಲಿಗೆ ಬಂದ ಅಸದ್ ಬೇಗ್ ಕಂಡ ಊರು ಬೇರೆಯೇ. ವಿಶಾಲವಾದ ಪೇಟೆ, ಅಂಗಡಿಗಳ ಮುಂದಿನ ಮರಗಳು, ಒಡವೆ ಮತ್ತು ಸುಗಂಧದ್ರವ್ಯಗಳ ಸಾಲುಗಳು ಅವನ ಬರವಣಿಗೆಯನ್ನು ತುಂಬಿಕೊಂಡಿವೆ. ತಂಬಾಕನ್ನು ಮೊದಲ ಬಾರಿಗೆ ಅಕ್ಬರನ ಮುಂದಿರಿಸಿದವನೂ ಅವನೇ, ಮತ್ತು ಆ ತಂಬಾಕು ಅವನಿಗೆ ದೊರೆತದ್ದು ಈ ವಿಜಯಪುರದ ಪೇಟೆಯಲ್ಲಿ. ಒಬ್ಬ ಪ್ರವಾಸಿಗೆ ಏನೂ ಕಾಣದ ಊರಿನಲ್ಲಿ ಇನ್ನೊಬ್ಬನಿಗೆ ಜಗತ್ತೇ ಕಂಡಿತು.

ಒಂದು ಸ್ಥಳವನ್ನು ನೋಡತಕ್ಕದ್ದೆಂದು ನಿರ್ಧರಿಸುವವರು ಯಾರು, ಆ ನಿರ್ಧಾರಕ್ಕೆ ಆಧಾರವೇನು ಎಂಬ ಪ್ರಶ್ನೆ ಚರಿತ್ರೆಕಾರರಿಗೆ ಅಪ್ರಸ್ತುತವಲ್ಲ. ಜಗತ್ತಿನ ಕಡೆಗಣಿತ ಪ್ರವಾಸಿ ತಾಣಗಳ ಪಟ್ಟಿಗಳು ಇಂದು ಹೇರಳವಾಗಿ ಪ್ರಕಟವಾಗುತ್ತಿವೆ. ಆದರೆ ಕಡೆಗಣನೆಗೂ ಒಂದು ಚರಿತ್ರೆಯಿದೆ, ಅದಕ್ಕೆ ಕಾರಣಗಳಿವೆ, ಅದರ ಕಾಲವನ್ನು ಬಹುಮಟ್ಟಿಗೆ ಗುರುತಿಸಲೂಬಹುದು. ವಿಜಯಪುರಕ್ಕೆ ಬರುವ ಪ್ರವಾಸಿಗಳಲ್ಲಿ ಬಹುಪಾಲು ಜನ ಗೋಲಗುಮ್ಮಟವನ್ನು ನೋಡಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ, ಕಾಲಾವಕಾಶವಿದ್ದರೆ ಇಬ್ರಾಹಿಂ ರೋಜಾಕ್ಕೆ ಹೋಗಿ ಮರಳುತ್ತಾರೆ. ನಗರದಿಂದ ಪಡುವಣಕ್ಕೆ ತೊರವಿಯ ಮೂಲಕ ತಿಕೋಟಾಕ್ಕೆ ಹೋಗುವ ದಾರಿಯಾಗಲಿ, ನೈಋತ್ಯಕ್ಕೆ ಸಾರವಾಡದ ಮೂಲಕ ಬಬಲೇಶ್ವರಕ್ಕೆ ಹೋಗುವ ದಾರಿಯಾಗಲಿ ಅವರ ಎಣಿಕೆಯಲ್ಲಿ ಇರುವುದಿಲ್ಲ. ಆದಿಲ್‌ಶಾಹಿ ಕಾಲದ ವಿಜಯಪುರವು ಪಡುವಣಕ್ಕೆ ಮುಖಮಾಡಿದ್ದ ನಗರ. ಅದರ ನೀರು, ಅದರ ಅತಿಥಿಗಳು, ಅದರ ಹೊಸ ರಾಜಧಾನಿಯ ಕನಸು ಎಲ್ಲವೂ ಆ ದಿಕ್ಕಿನವು. ಆ ಮುಖ ಮೂಡಣಕ್ಕೆ ತಿರುಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಈ ಮಾತನ್ನು ಸ್ಥಳಗಳ ಆಧಾರದಿಂದಲೇ ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಜರ್ಮನಿಯ ಮಾಂಡೆಲ್ಸ್ಲೋ 1638-39ರಲ್ಲಿ ಭಾರತದಲ್ಲಿದ್ದವನು. ಅವನ ಹೆಸರಿನಲ್ಲಿ ಪ್ರಕಟವಾದ ಪ್ರವಾಸಕಥನದಲ್ಲಿ ಗೋವೆಯಿಂದ ವಿಜಯಪುರಕ್ಕೆ ಬರುವ ಮಾರ್ಗದ ವಿವರಣೆಯಿದೆ. ಅಥಣಿಯನ್ನು ದಾಟಿದ ಮೇಲೆ ಬರುವ ಊರುಗಳಲ್ಲಿ ತಿಕೋಟಾ ಇದೆ, ಅನಂತರ ನವರಸಪುರ, ಅದಾದ ಮೇಲೆ ರಾಜಧಾನಿ. ಅವನು ಸ್ವತಃ ಈ ದಾರಿಯನ್ನು ತುಳಿದನೇ ಅಥವಾ ಕೇಳಿ ಬರೆದುಕೊಂಡನೇ ಎಂಬುದು ಬೇರೆ ಪ್ರಶ್ನೆ. ನಮಗೆ ಮುಖ್ಯವಾದುದು, ಕರಾವಳಿಯಿಂದ ಬರುವವರಿಗೆ ವಿಜಯಪುರದ ಹೆಬ್ಬಾಗಿಲು ಪಡುವಣದ್ದಾಗಿತ್ತೆಂಬುದು. ಕುದುರೆಯೂ ಬರಹಗಾರನೂ ವರ್ಣಚಿತ್ರಕಾರನೂ ಸಮುದ್ರದಿಂದ ಘಟ್ಟ ಏರಿ ಈ ಬಾಗಿಲಿಗೇ ಬರುತ್ತಿದ್ದರು. ಇಬ್ರಾಹಿಂ ರೋಜಾ ಕೋಟೆಯ ಪಡುವಣ ಗೋಡೆಯ ಹೊರಗಿದೆ. ಮುಲ್ಕ್-ಎ-ಮೈದಾನ್ ತೋಪನ್ನು ಹೊತ್ತ ಬುರುಜು ಪಡುವಣ ಗೋಡೆಯ ಮೇಲಿದೆ. ತಾಜ್ ಬಾವಡಿ ಮಕ್ಕಾ ದರವಾಜೆಯ ಒಳಗಡೆ ಇದೆ. ಬರುವವರ ಕಣ್ಣಿಗೆ ಮೊದಲು ಬೀಳಬೇಕಾದವುಗಳನ್ನು ಆ ದಿಕ್ಕಿನಲ್ಲಿ ಇರಿಸಿದಂತೆ ಇವುಗಳ ನೆಲೆಗಳಿವೆ.

1686ರಲ್ಲಿ ಔರಂಗಜೇಬನಿಗೆ ಶರಣಾದ ಮೇಲೆ ನಗರ ಬರಿದಾಯಿತು. ಎರಡು ಶತಮಾನಗಳ ಅನಂತರ ಅದಕ್ಕೆ ಮರಳಿ ಜೀವ ತಂದ ಸಂಗತಿಗಳು ಎರಡು. 1884ರಲ್ಲಿ ಹೋಟಗಿ-ಗದಗ ರೈಲುಮಾರ್ಗ ತೆರೆಯಿತು. 1885ರಲ್ಲಿ ಜಿಲ್ಲಾಕೇಂದ್ರವು ಕಲಾದಗಿಯಿಂದ ಇಲ್ಲಿಗೆ ವರ್ಗವಾಯಿತು. ರೈಲುನಿಲ್ದಾಣ ನೆಲೆಗೊಂಡದ್ದು ನಗರದ ಮೂಡಣಕ್ಕೆ, ಗೋಲಗುಮ್ಮಟದ ಮಗ್ಗುಲಿಗೆ. ಮುಂಬಯಿ ಅಥವಾ ಸೊಲ್ಲಾಪುರದಿಂದ ಬಂದ ಪ್ರವಾಸಿಗೆ ಗಾಡಿಯಿಂದ ಇಳಿಯುವ ಮೊದಲೇ ಗುಮ್ಮಟ ಕಾಣುತ್ತಿತ್ತು. ಇದಕ್ಕೂ ಮೊದಲು, 1866ರಲ್ಲಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ವಿಜಯಪುರ ವಾಸ್ತುವನ್ನು ಕುರಿತ ಗ್ರಂಥ ಪ್ರಕಟವಾಗಿತ್ತು. ಗುಮ್ಮಟದೊಳಗಿನ ಅಂಕಣವು ರೋಮಿನ ಪ್ಯಾಂಥಿಯನ್‌ಗಿಂತ ವಿಸ್ತಾರವಾದುದೆಂಬ ಫರ್ಗುಸನ್ನನ ಹೋಲಿಕೆಯನ್ನು ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ಮಾರ್ಗದರ್ಶಿಯೂ ಹೇಳುತ್ತ ಬಂದಿದೆ. ಹದಿನೆಂಟು ಸಾವಿರ ಚದರ ಅಡಿಗೂ ಮಿಕ್ಕಿದ ಆ ಅಂಕಣವನ್ನು ಕಂಬವೊಂದೂ ಇಲ್ಲದೆ ಮುಚ್ಚಿದ ಸಾಹಸ ಅಸಾಮಾನ್ಯವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ಅಳತೆಯಿಂದ ದೊರೆತ ಕೀರ್ತಿ ಅಳೆಯಲಾಗದವುಗಳನ್ನು ಹಿಂದಕ್ಕೆ ತಳ್ಳಿತು. 1892ರಲ್ಲಿ ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯವೂ ನೆಲೆಗೊಂಡ ಮೇಲೆ ಪ್ರವಾಸಿಯ ದಿನ ಅಲ್ಲಿಯೇ ಮುಗಿಯುವ ವ್ಯವಸ್ಥೆ ಸಿದ್ಧವಾಯಿತು. ಹೆನ್ರಿ ಕಸೆನ್ಸ್ 1916ರ ತನ್ನ ಬೃಹತ್ ಗ್ರಂಥದಲ್ಲಿ ನವರಸಪುರವನ್ನೂ ಕುಮಟಗಿಯನ್ನೂ ನೀರಿನ ಏರ್ಪಾಡುಗಳನ್ನೂ ವಿವರಿಸಿದ್ದಾನೆ. ಮಾರ್ಗದರ್ಶಿಗಳು ಅವನಿಂದ ಎತ್ತಿಕೊಂಡದ್ದು ಮಾತ್ರ ಬೇರೆ ಪುಟಗಳನ್ನು.

ಪಡುವಣದ ದಾರಿಯಲ್ಲಿ ಮೊದಲು ಸಿಗುವ ಊರು ತೊರವಿ. ಇಲ್ಲಿಯ ನರಸಿಂಹ ದೇವಾಲಯವು ನೆಲಮಟ್ಟಕ್ಕಿಂತ ಕೆಳಗಿರುವ ಗುಹೆಯಂಥ ಗುಡಿ. ಹೊರಗಿನಿಂದ ಅದರ ಮಹತ್ವ ಸುಲಭವಾಗಿ ತಿಳಿಯದು. ತನ್ನನ್ನು ಕುಮಾರ ವಾಲ್ಮೀಕಿ ಎಂದು ಕರೆದುಕೊಂಡ ಕವಿ ನರಹರಿ ಈ ನರಸಿಂಹನ ಅಂಕಿತದಲ್ಲಿ ಭಾಮಿನಿ ಷಟ್ಪದಿಯ ರಾಮಾಯಣವನ್ನು ರಚಿಸಿದನು. ಕೃತಿಗೆ ಊರಿನ ಹೆಸರೇ ನಿಂತಿತು. ಕಾವ್ಯವೊಂದನ್ನು ಕವಿಯ ಅಥವಾ ನಾಯಕನ ಹೆಸರಿನಿಂದ ಗುರುತಿಸುವುದು ವಾಡಿಕೆ. ಊರಿನ ಹೆಸರಿನಿಂದ ಗುರುತಿಸುವುದು ನಮ್ಮಲ್ಲಿ ವಿರಳ. ಮಲೆನಾಡಿನ ಗಮಕಿಗಳೂ ಕರಾವಳಿಯ ತಾಳಮದ್ದಳೆಯ ಅರ್ಥಧಾರಿಗಳೂ ಶತಮಾನಗಳಿಂದ ತೊರವೆಯ ಹೆಸರನ್ನು ಉಚ್ಚರಿಸುತ್ತ ಬಂದಿದ್ದಾರೆ, ಆದರೆ ಅವರಲ್ಲಿ ಆ ಊರನ್ನು ಕಂಡವರು ಕಡಿಮೆ. ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಅಭಿನವಪಂಪನೆನಿಸಿದ ನಾಗಚಂದ್ರನು ವಿಜಯಪುರದಲ್ಲಿ ಮಲ್ಲಿಜಿನೇಂದ್ರ ಬಸದಿಯನ್ನು ಕಟ್ಟಿಸಿದವನೆಂಬುದೂ ಆ ವಿಜಯಪುರ ಇದೇ ನಗರವೆಂಬುದೂ ವಿದ್ವಾಂಸರಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ. ಇದನ್ನು ಒಪ್ಪಿದರೆ ಕನ್ನಡದ ಪ್ರಮುಖ ಜೈನ ರಾಮಾಯಣ ಮತ್ತು ಪ್ರಮುಖ ವೈಷ್ಣವ ರಾಮಾಯಣಗಳೆರಡರ ನೆಲೆಗಳು ಒಂದು ಹರದಾರಿಯ ಆಸುಪಾಸಿನಲ್ಲಿವೆ. ಇಂಥ ಸಾಮೀಪ್ಯ ಬೇರೊಂದು ದೇಶದಲ್ಲಿದ್ದಿದ್ದರೆ ದಾರಿಯುದ್ದಕ್ಕೂ ಫಲಕಗಳಿರುತ್ತಿದ್ದವು.

ತೊರವಿಗೆ ಹೊಂದಿಕೊಂಡಂತೆಯೇ ನವರಸಪುರವಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನು 1599ರಲ್ಲಿ ಹೊಸ ರಾಜಧಾನಿಯಾಗಿ ಇದನ್ನು ಕಟ್ಟಿಸಲು ಆರಂಭಿಸಿದನು. ಭರತಶಾಸ್ತ್ರದ ನವರಸಗಳೂ ಪಾರಸಿಯ ‘ಹೊಸತಾಗಿ ಬಂದುದು’ ಎಂಬರ್ಥದ ಪದವೂ ಕೂಡುವ ಆ ಹೆಸರು ಈ ಅರಸನಿಗೆ ಗೀಳಿನಂತೆ ಅಂಟಿಕೊಂಡಿತ್ತು. ಅವನ ಗೀತಸಂಕಲನ ಕಿತಾಬ್-ಎ-ನವರಸ್. ಫರಿಶ್ತಾನ ಇತಿಹಾಸಕ್ಕೂ ನವರಸ್‌ನಾಮಾ ಎಂಬ ಇನ್ನೊಂದು ಹೆಸರಿದೆ. ದಖನಿಯಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಗೇಸುದರಾಜ್ ಸಂತರನ್ನೂ ಒಟ್ಟಿಗೆ ಸ್ಮರಿಸಿದ ಈ ಅರಸನು ತನ್ನ ಕನಸಿನ ನಗರಕ್ಕೆ ನರಸಿಂಹನ ಊರಿನ ನೆರೆಯನ್ನೇ ಆಯ್ದುಕೊಂಡದ್ದು ಗಮನಾರ್ಹ. ಆಯ್ಕೆಗೆ ಭಕ್ತಿ ಕಾರಣವೆಂದು ಹೇಳಲು ಆಧಾರವಿಲ್ಲ. ನೀರು ಕಾರಣವಾಗಿರಬೇಕೆಂಬುದು ನನ್ನ ಊಹೆ. ಅದರ ವಿಚಾರ ಮುಂದೆ ಬರುತ್ತದೆ. ನಗರ ಪೂರ್ಣಗೊಳ್ಳಲಿಲ್ಲ. 1624ರಲ್ಲಿ ಮಲಿಕ್ ಅಂಬರ್‌ನ ಸೇನೆ ಅದನ್ನು ಹಾಳುಗೆಡವಿತು. ಇಂದು ಅಲ್ಲಿ ಸಂಗೀತ ಮಹಲ್ ಎಂದು ಕರೆಯಲ್ಪಡುವ ಎತ್ತರದ ಕಮಾನಿನ ಕಟ್ಟಡ, ಅದರ ಮುಂದಿನ ಕೊಳ, ನಾರಿ ಮಹಲಿನ ಅವಶೇಷ ಮತ್ತು ಹೊಲಗಳ ನಡುವೆ ಅಲ್ಲಲ್ಲಿ ಕೋಟೆಗೋಡೆಯ ತುಂಡುಗಳು ಉಳಿದಿವೆ.

ಈ ಹಾಳುಗೋಡೆಗಳು ಕಂಡ ಅತಿಥಿಗಳಲ್ಲಿ ಒಬ್ಬನನ್ನು ಇಲ್ಲಿ ನೆನೆಯಬಹುದು. ಹಾಲೆಂಡಿನ ಹಾರ್ಲೆಮ್ ಊರಿನ ಕಾರ್ನೆಲಿಸ್ ಕ್ಲಾಸ್ ಹೇಡಾ ಎಂಬ ವರ್ಣಚಿತ್ರಕಾರನು ಪ್ರಾಗ್‌ನಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನವನ್ನು ಕಂಡು, 1610ರಲ್ಲಿ ಇಬ್ರಾಹಿಮನ ಆಸ್ಥಾನಕ್ಕೆ ಬಂದು, 1622ರಲ್ಲಿ ಸಾಯುವವರೆಗೆ ಇಲ್ಲಿಯೇ ಇದ್ದನು. ಅವನ ಕಾಲದ ಯೂರೋಪಿನಲ್ಲಿ ಪ್ರಾಗ್ ಆಸ್ಥಾನಕ್ಕಿಂತ ದೊಡ್ಡ ಕಲಾಶ್ರಯ ವಿರಳ. ಅಂಥದನ್ನು ಕಂಡವನೂ ಇಲ್ಲಿ ಬಾಳಲು ಒಪ್ಪಿದನೆಂಬುದು ಟ್ಯಾವರ್ನಿಯೆಯ ತೀರ್ಪಿಗೆ ಸಾಕಷ್ಟು ಉತ್ತರ. ನವರಸಪುರದ ಹೆಸರಿನ ಉತ್ಸವವನ್ನು ನಗರದಲ್ಲಿ ಕೆಲವು ವರ್ಷಗಳಲ್ಲಿ ಆಚರಿಸಲಾಗಿದೆ. ಉತ್ಸವಕ್ಕೆ ಬಂದವರಲ್ಲಿ ನವರಸಪುರಕ್ಕೆ ಹೋದವರೆಷ್ಟು ಮಂದಿ ಎಂದು ಕೇಳುವುದು ಸೌಜನ್ಯವಾಗಲಾರದು.

ಇನ್ನು ನೀರಿನ ವಿಚಾರ. ವಿಜಯಪುರದ ದಕ್ಷಿಣಕ್ಕೆ ಹರಿಯುವ ದೋಣಿ ನದಿಯ ನೀರು ಉಪ್ಪು. ಅದರ ದಂಡೆಯ ಕರಿನೆಲ ಜೋಳಕ್ಕೆ ಹೆಸರಾದುದು, ಆದರೆ ಆ ನದಿ ದೊಡ್ಡ ನಗರವೊಂದರ ಬಾಯಾರಿಕೆಯನ್ನು ತಣಿಸಲಾರದು. ಕೃಷ್ಣೆ ದೂರದಲ್ಲಿದೆ, ಮಳೆ ಕಡಿಮೆ. 1565ರ ಯುದ್ಧದ ಅನಂತರ ವಿಜಯಪುರದ ಸಂಪತ್ತೂ ಜನಸಂಖ್ಯೆಯೂ ಬೆಳೆದಾಗ ನಗರದೊಳಗೆ ಬಾವಡಿಗಳು ಏರ್ಪಟ್ಟವು. ಮೊದಲನೆಯ ಅಲಿ ಆದಿಲ್‌ಶಾಹನ ಕಾಲದ ಚಾಂದ ಬಾವಡಿ ಮತ್ತು 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ತಾಜ್ ಬಾವಡಿ ಇವುಗಳಲ್ಲಿ ಪ್ರಸಿದ್ಧ. ತಾಜ್ ಬಾವಡಿಯ ಕೊಳ 223 ಅಡಿ ಚೌಕ, 52 ಅಡಿ ಆಳ. ಆದರೆ ಈ ಬಾವಡಿಗಳು ಏರ್ಪಾಡಿನ ಒಂದು ತುದಿ ಮಾತ್ರ. ಅದರ ಇನ್ನೊಂದು ತುದಿ ತೊರವಿಯಲ್ಲಿದೆ.

ತೊರವಿಯ ಬಳಿ ಸುರಂಗ ಬಾವಿ ಎಂದು ಜನ ಕರೆಯುವ ದೊಡ್ಡ ತೆರೆದ ಬಾವಿಯಿದೆ. ಅದರ ತಳದಿಂದ ಬಂಡೆಯನ್ನು ಕೊರೆದ ಸುರಂಗವೊಂದು ಮೂಡಣಕ್ಕೆ, ನಗರದ ಕಡೆಗೆ, ಸಣ್ಣ ಇಳಿಜಾರಿನಲ್ಲಿ ಸಾಗುತ್ತದೆ. ನಡುನಡುವೆ ನೆಲದಿಂದ ಸುರಂಗಕ್ಕೆ ಇಳಿಯುವ ಗಾಳಿಬಾವಿಗಳಿವೆ. ಕೊರೆಯುವಾಗ ಕಲ್ಲುಮಣ್ಣನ್ನು ಮೇಲೆತ್ತಲು, ಒಳಗೆ ಕೆಲಸ ಮಾಡುವವರಿಗೆ ಗಾಳಿಬೆಳಕು ಸಿಗಲು, ಮುಂದೆ ಹೂಳು ತೆಗೆಯಲು ಇವೇ ದಾರಿ. ನೀರನ್ನು ಎತ್ತಲು ಎತ್ತಾಗಲಿ ಯಂತ್ರವಾಗಲಿ ಬೇಕಿಲ್ಲ. ತೊರವಿಯ ನೆಲ ನಗರಕ್ಕಿಂತ ಎತ್ತರದಲ್ಲಿದೆ. ಇಳಿಜಾರನ್ನು ಕೆಡದಂತೆ ಕಾಯ್ದುಕೊಂಡರೆ ನೀರು ತಾನಾಗಿ ಬರುತ್ತದೆ, ನೆಲದ ಕೆಳಗಿರುವುದರಿಂದ ಆವಿಯಾಗುವುದೂ ಇಲ್ಲ. ಹೇಳುವುದಕ್ಕೆ ಸರಳ. ಆದರೆ ಇಳಿಜಾರು ಸ್ವಲ್ಪ ಹೆಚ್ಚಾದರೂ ನೀರು ಸುರಂಗದ ತಳವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಆಧುನಿಕ ಉಪಕರಣಗಳಿಲ್ಲದೆ, ಬಂಡೆಯ ಒಳಗೆ, ಮೈಲುಗಟ್ಟಲೆ ಉದ್ದಕ್ಕೆ ಆ ಮಟ್ಟವನ್ನು ಹಿಡಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಮೊದಲನೆಯ ಅಲಿಯ ಕಾಲದಲ್ಲಿ ಆರಂಭವಾದುದೆನ್ನಲಾದ ಈ ಏರ್ಪಾಡು ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ವಿಸ್ತಾರಗೊಂಡಿತು. ನಗರದ ದಕ್ಷಿಣಕ್ಕೆ 234 ಎಕರೆಯ ಬೇಗಂ ತಲಾಬ್ 1651ರಲ್ಲಿ ನಿರ್ಮಾಣವಾಯಿತು. ಅಲ್ಲಿಂದ ನೀರು ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳ ಮೂಲಕ, ಕೆಲವೆಡೆ 15 ಅಡಿ, ಕೆಲವೆಡೆ 50 ಅಡಿ ಆಳದಲ್ಲಿ, ನಗರವನ್ನು ಮುಟ್ಟುತ್ತಿತ್ತು. ಕೊಳವೆಯ ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು. ಕೊಳವೆಯೊಳಗಿನ ಒತ್ತಡ ಹೆಚ್ಚಿ ಮಣ್ಣಿನ ಕೊಳವೆ ಒಡೆಯದಂತೆ ನೀರು ಇವುಗಳಲ್ಲಿ ಏರಿ ನಿಲ್ಲುತ್ತಿತ್ತು. ಕೆಸರು ತಳದಲ್ಲಿ ಇಳಿಯುತ್ತಿತ್ತು. ಮೇಲಿನ ತಿಳಿನೀರು ಬೇರೆ ಬೇರೆ ಓಣಿಗಳಿಗೆ ಹರಿಯುತ್ತಿತ್ತು. 25ರಿಂದ 40 ಅಡಿ ಎತ್ತರದ ಈ ಗೋಪುರಗಳಲ್ಲಿ ಕೆಲವು ಇಂದಿಗೂ ನಗರದಲ್ಲಿ ನಿಂತಿವೆ. ನಿತ್ಯ ಅವುಗಳ ಮುಂದೆ ಓಡಾಡುವವರಲ್ಲಿ ಹಲವರು ಅವನ್ನು ಹಳೆಯ ಕಾವಲುಗೋಪುರಗಳೆಂದೇ ತಿಳಿದಿದ್ದಾರೆ.

ತೊರವಿಯ ಸುರಂಗದ ಬಂಧುಗಳು ಜಗತ್ತಿನ ಒಣನಾಡುಗಳಲ್ಲೆಲ್ಲ ಹರಡಿವೆ. ಇರಾನಿನ ಹನ್ನೊಂದು ಕನಾತ್‌ಗಳು 2016ರಲ್ಲಿಯೂ ಒಮಾನಿನ ಅಫ್ಲಾಜ್ ನೀರಾವರಿ 2006ರಲ್ಲಿಯೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿವೆ. ಚೀನಾದ ತುರ್ಫಾನಿನಲ್ಲಿ ಇವಕ್ಕೆ ಕಾರೇಜ್ ಎಂದೇ ಹೆಸರು. ನಮ್ಮ ಬೀದರಿನ ನೌಬಾದಿನಲ್ಲಿರುವುದಕ್ಕೂ ಅದೇ ಹೆಸರು. ಕನ್ನಡನಾಡಿನ ಇನ್ನೊಂದು ಅಂಚಿನಲ್ಲಿ, ಕಾಸರಗೋಡಿನ ಕನ್ನಡ-ತುಳು ಹಳ್ಳಿಗಳಲ್ಲಿ, ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಪದ್ಧತಿಯನ್ನೂ ಸುರಂಗವೆಂದೇ ಕರೆಯುತ್ತಾರೆ. ಪದ ಒಂದೇ ಆದರೂ ವ್ಯವಸ್ಥೆ ಬೇರೆ. ಅಲ್ಲಿಯದು ಒಂದು ಮನೆಯ, ಒಂದು ತೋಟದ ಅಗತ್ಯಕ್ಕೆ ಹುಟ್ಟಿದ್ದು. ತೊರವಿಯದು ರಾಜಧಾನಿಯೊಂದರ ಅಗತ್ಯಕ್ಕೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ಅಧ್ಯಯನ ಕನ್ನಡದಲ್ಲಿ ವಿಸ್ತಾರವಾಗಿ ಬೆಳೆಯಬೇಕಾಗಿದೆ.

ಹೊರಗಿನವರ ಕಣ್ಣು ಸುರಂಗ ಬಾವಿಯ ಮೇಲೆ ಬಿದ್ದದ್ದು ತಡವಾಗಿ. ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯು ಅಪಾಯದಲ್ಲಿರುವ ಪರಂಪರೆಯ ತಾಣಗಳ 2020ರ ಪಟ್ಟಿಯನ್ನು ಪ್ರಕಟಿಸಿದಾಗ ಜಗತ್ತಿನ 25 ತಾಣಗಳಲ್ಲಿ ದಖನ್ ಪ್ರಸ್ಥಭೂಮಿಯ ಚಾರಿತ್ರಿಕ ಜಲವ್ಯವಸ್ಥೆ ಎಂಬ ಹೆಸರಿನಲ್ಲಿ ವಿಜಯಪುರದ ಸುರಂಗ ಬಾವಿಯೂ ಸೇರಿತು. ಬೆಂಕಿಗೆ ಸಿಕ್ಕಿದ್ದ ಪ್ಯಾರಿಸ್ಸಿನ ನೋತ್ರ್‌ದಾಮ್ ಇಗರ್ಜಿಯೂ ಅದೇ ಪಟ್ಟಿಯಲ್ಲಿತ್ತು. ಆ ಇಗರ್ಜಿ ಜಗತ್ತಿಗೆಲ್ಲ ಗೊತ್ತು. ಅದರ ಜೊತೆಯಲ್ಲಿ ಹೆಸರು ಪಡೆದ ಬಾವಿಯನ್ನು ನಗರದ ನಿವಾಸಿಗಳಲ್ಲಿಯೂ ಅನೇಕರು ಕಂಡಿಲ್ಲ.

ಪಡುವಣದ ತಾಣಗಳಲ್ಲಿ ಪ್ರವಾಸಿಗಳು ಹುಡುಕಿಕೊಂಡು ಹೋಗುವ ಒಂದು ಸ್ಥಳ ಇಲ್ಲದಿಲ್ಲ. ಅದು ಟಕ್ಕೆಯ ಬಳಿಯ ಸಾಠ ಕಬರ್. ಒಂದೇ ಜಗಲಿಯ ಮೇಲೆ ಒಂದೇ ಮಾದರಿಯ ಅರವತ್ತಕ್ಕೂ ಹೆಚ್ಚು ಗೋರಿಗಳಿವೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ ತನಗೆ ಮರಣ ನಿಶ್ಚಿತವೆಂಬ ಜೋಯಿಸರ ಮಾತು ಕೇಳಿ ಅಫ್ಝಲಖಾನನು ತನ್ನ ಹೆಂಡಂದಿರನ್ನೆಲ್ಲ ಕೊಂದನೆಂಬ ಜನಶ್ರುತಿ ಈ ಸ್ಥಳಕ್ಕೆ ಅಂಟಿಕೊಂಡಿದೆ. ಗ್ಯಾಝೆಟಿಯರು ಬರೆದುಕೊಂಡದ್ದು, ಕಸೆನ್ಸ್ ಪುನರುಚ್ಚರಿಸಿದ್ದು, ಇಂದಿನ ದೃಶ್ಯಮಾಧ್ಯಮ ಹಬ್ಬಿಸುತ್ತಿರುವುದು ಈ ಕಥೆಯನ್ನೇ. ಜನಶ್ರುತಿಯನ್ನು ಜನಶ್ರುತಿಯೆಂದೇ ಸ್ವೀಕರಿಸುವುದರಲ್ಲಿ ಅಭ್ಯಂತರವಿಲ್ಲ; ಆದರೆ ಅದೇ ಅಫ್ಝಲಖಾನನ ಹೆಸರು ನಗರದ ನೀರಿನ ಏರ್ಪಾಡಿನ ವಿಸ್ತರಣೆಯೊಂದಿಗೂ ಸೇರಿಕೊಂಡಿದೆ, ಅವನ ಅಪೂರ್ಣ ಗೋರಿಯೂ 1653ರ ಮಸೀದಿಯೂ ಸಮೀಪದಲ್ಲಿಯೇ ಇವೆ. ಭೀಕರ ಕಥೆಯ ಜಗಲಿಗೆ ದಾರಿ ಕೇಳುತ್ತ ಬರುವವರು ಆ ನೀರಿನ ದಾರಿಯ ಮೇಲೆಯೇ ನಡೆದು ಹೋಗುತ್ತಾರೆ.

ತಿಕೋಟಾ ನಗರದಿಂದ ಸುಮಾರು 20 ಕಿಲೋಮೀಟರ್. ಇಲ್ಲಿ ದೊಡ್ಡ ಸ್ಮಾರಕಗಳನ್ನು ನಿರೀಕ್ಷಿಸಿ ಬರುವವರಿಗೆ ನಿರಾಶೆಯಾದೀತು. ಇದು ದಾರಿಯೂರು, ಸಂತೆಯೂರು. ಹಾಜಿ ಮಸ್ತಾನರ ದರ್ಗಾ ಮತ್ತು ಅದರ ಉರುಸು ಸುತ್ತಲಿನ ಹಳ್ಳಿಗಳನ್ನು ಕೂಡಿಸುತ್ತವೆ. ಈ ಭಾಗದ ಅರಕೇರಿಯ ಮುಮ್ಮೆಟ್ಟಿಗುಡ್ಡದ ಅಮೋಘಸಿದ್ಧನ ಜಾತ್ರೆಗೆ ಹಾಲುಮತದವರು ಮಹಾರಾಷ್ಟ್ರದಿಂದಲೂ ಪಲ್ಲಕ್ಕಿಗಳೊಂದಿಗೆ ಬರುತ್ತಾರೆ. ಡೊಳ್ಳಿನ ಪದಗಳ ಮೌಖಿಕ ಪರಂಪರೆಯನ್ನು ಅಭ್ಯಸಿಸುವವರಿಗೆ ಅದು ಗ್ರಂಥಾಲಯವಿದ್ದಂತೆ. ರಸ್ತೆಯ ಇಕ್ಕೆಲಗಳಲ್ಲಿ ದ್ರಾಕ್ಷಿಯ ಹಂದರಗಳು, ಒಣದ್ರಾಕ್ಷಿ ಮಾಡುವ ನೆರಳು ಪರದೆಯ ಶೆಡ್ಡುಗಳು. ಹಿಂದೆ ವಿಜಯಪುರ ತಾಲ್ಲೂಕಿಗೆ ಸೇರಿದ್ದ ತಿಕೋಟಾ ಮತ್ತು ಬಬಲೇಶ್ವರಗಳು 2017-18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳೊಂದಿಗೆ ಪ್ರತ್ಯೇಕ ತಾಲ್ಲೂಕುಗಳಾದುವು. ಇದರಿಂದ ಸಂಶೋಧಕನಿಗೆ ಒಂದು ತೊಡಕೂ ಉಂಟಾಗಿದೆ. ನಗರದ ಸ್ಮಾರಕಗಳಿಗೂ ಹಳ್ಳಿಗಳ ಅವಶೇಷಗಳಿಗೂ ಇದ್ದ ಸಂಬಂಧ ಇನ್ನುಮುಂದೆ ಮೂರು ತಾಲ್ಲೂಕುಗಳ ಕಡತಗಳಲ್ಲಿ ಹಂಚಿಹೋಗುತ್ತದೆ.

ನೈಋತ್ಯದ ದಾರಿಯಲ್ಲಿ ದೋಣಿಯ ದಂಡೆಯ ಸಾರವಾಡವಿದೆ, ಅಲ್ಲಿಂದಾಚೆಗೆ ಬಬಲೇಶ್ವರ. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯು ಹರಿದಾಸ ಸಾಹಿತ್ಯದ ಓದುಗರಿಗೆ ಪರಿಚಿತವಾದ ಹೆಸರು. ಸಾಂಪ್ರದಾಯಿಕವಾಗಿ 1611-1681ರ ಅವಧಿಯವರೆಂದು ಎಣಿಸಲಾಗುವ ಮಹಿಪತಿದಾಸರು ಆದಿಲ್‌ಶಾಹಿ ಆಡಳಿತದಲ್ಲಿ ಅಧಿಕಾರಿಯಾಗಿದ್ದು, ಸೂಫಿ ಸಂತರ ಸಂಪರ್ಕದಿಂದ ವಿರಕ್ತರಾಗಿ, ಸಾರವಾಡದ ಭಾಸ್ಕರಸ್ವಾಮಿಗಳಲ್ಲಿ ಉಪದೇಶ ಪಡೆದು ಕಾಖಂಡಕಿಯಲ್ಲಿ ನೆಲೆಸಿದರೆಂಬುದು ಪರಂಪರೆಯ ಕಥನ. ಕನ್ನಡದಲ್ಲಿ ಮಾತ್ರವಲ್ಲದೆ ಮರಾಠಿಯಲ್ಲಿಯೂ ಹಿಂದುಸ್ತಾನಿಯಲ್ಲಿಯೂ ಅವರು ಪದಗಳನ್ನು ರಚಿಸಿದ್ದಾರೆ. ಮಗ ಕೃಷ್ಣದಾಸರೂ ಅದೇ ಹಾದಿಯವರು. ನಗರದ ದಫ್ತರಿನ ಲೆಕ್ಕ ಬಿಟ್ಟು ಇಪ್ಪತ್ತು ಮೈಲು ನಡೆದು ಬಂದ ಈ ದಾಸರ ಭಾಷೆಯಲ್ಲಿ ದಫ್ತರಿನ ಪಾರಸಿ ಪದಗಳೂ ಜೊತೆಗೆ ಬಂದವು. ನವರಸಪುರದ ಅರಸ ದಖನಿಯಲ್ಲಿ ಸರಸ್ವತಿಯನ್ನು ಸ್ತುತಿಸಿದ. ಕಾಖಂಡಕಿಯ ದಾಸರು ಕನ್ನಡಕ್ಕೆ ಸೂಫಿಗಳ ಮಾತನ್ನು ತಂದರು. ಎರಡೂ ಊರುಗಳನ್ನು ಒಂದೇ ದಿನದಲ್ಲಿ ಕಂಡವನಿಗೆ ಆ ಕಾಲದ ಬೌದ್ಧಿಕ ವಾತಾವರಣದ ಅರಿವು ಯಾವ ವಸ್ತುಸಂಗ್ರಹಾಲಯದಲ್ಲಿ ಆಗುವುದಕ್ಕಿಂತಲೂ ಹೆಚ್ಚಾಗಿ ಆಗುತ್ತದೆ. ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರವು ಡಾ. ಎಂ.ಎಂ. ಕಲಬುರ್ಗಿಯವರ ನೇತೃತ್ವದಲ್ಲಿ ಆದಿಲ್‌ಶಾಹಿ ಸಾಹಿತ್ಯವನ್ನು ಸಂಪುಟಗಳ ರೂಪದಲ್ಲಿ ಕನ್ನಡಕ್ಕೆ ತಂದ ಮೇಲೆ, ಪಾರಸಿ ಬಾರದ ಕನ್ನಡಿಗನೂ ಈ ಎರಡು ಲೋಕಗಳನ್ನು ಹೋಲಿಸಿ ನೋಡುವುದು ಸಾಧ್ಯವಾಗಿದೆ.

ಬಬಲೇಶ್ವರ ತಾಲ್ಲೂಕಿನ ಮಮದಾಪುರ ಈ ಇಡೀ ಪರಿಸರದಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಕಡೆಗಣಿತವಾದ ಸ್ಥಳ. ಊರಿನ ಹೆಸರೇ ಮುಹಮ್ಮದ್ ಆದಿಲ್‌ಶಾಹನದು. ಅವನು 1633ರಲ್ಲಿ ಕಟ್ಟಿಸಿದ ಎರಡು ಕೆರೆಗಳಿವೆ, ದೊಡ್ಡ ಕೆರೆ ಮತ್ತು ಸಣ್ಣ ಕೆರೆ. ಗೋಲಗುಮ್ಮಟವನ್ನು ಕಟ್ಟಿಸಿದವನೂ ಈತನೇ ಎಂಬುದನ್ನು ನೆನೆದರೆ, ಒಬ್ಬನೇ ಅರಸನ ಎರಡು ನಿರ್ಮಾಣಗಳಲ್ಲಿ ಒಂದು ಮೃತನ ಹೆಸರು ಉಳಿಸುವುದಕ್ಕೂ ಇನ್ನೊಂದು ಬದುಕಿದವರ ಹೊಲಕ್ಕೂ ಸಂದಿತೆಂಬುದು ಸ್ಪಷ್ಟವಾಗುತ್ತದೆ. ಮೊದಲನೆಯದರ ವ್ಯಾಸ ಶಾಲೆಯ ಮಕ್ಕಳಿಗೂ ಬಾಯಿಪಾಠ. ಎರಡನೆಯದರ ಕಟ್ಟೆಯ ಮೇಲೆ ನಿಂತವನಿಗೆ ಕಾಣುವುದು ಕಲ್ಲಿನ ಏರಿ, ತೂಬು, ಕರಿನೆಲದ ನಡುವೆ ಅನಿರೀಕ್ಷಿತವಾಗಿ ಹರಡಿದ ನೀರು. ಬಹುಕಾಲ ಮಳೆಯನ್ನೇ ನೆಚ್ಚಿದ್ದ ಈ ಕೆರೆಗಳಿಗೆ ಕಳೆದ ದಶಕದಲ್ಲಿ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರನ್ನು ತುಂಬಿಸುವ ಕೆಲಸ ನಡೆಯಿತು. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ನೀರೂ ತಿಕೋಟಾ, ಬಬಲೇಶ್ವರಗಳ ಕಡೆಗೇ ಹರಿದಿದೆ. ಇಳಿಜಾರನ್ನು ನಂಬಿದ ಹದಿನೇಳನೆಯ ಶತಮಾನದ ವ್ಯವಸ್ಥೆಯೂ ವಿದ್ಯುತ್ತನ್ನು ನಂಬಿದ ಇಂದಿನ ವ್ಯವಸ್ಥೆಯೂ ಒಂದೇ ಕೆರೆಯಲ್ಲಿ ಕೂಡಿದ ಉದಾಹರಣೆಯಾಗಿ ಮಮದಾಪುರ ಅಧ್ಯಯನಯೋಗ್ಯ.

ಮೂಡಣ ದಿಕ್ಕಿನ ಕುಮಟಗಿಯನ್ನು ಇಲ್ಲಿ ಹೆಸರಿಸದಿರುವುದು ಅನ್ಯಾಯವಾದೀತು. ಸಿಂದಗಿಯ ದಾರಿಯಲ್ಲಿರುವ ಆ ಬೇಸಗೆಯ ಜಲಮಂಟಪಗಳ ಗೋಡೆಗಳಲ್ಲಿ ಚೆಂಡುಕೋಲಿನ ಆಟ ಆಡುವ ಸವಾರರ, ಕುಸ್ತಿಪಟುಗಳ ಚಿತ್ರಗಳು ಮಸುಕಾಗಿ ಉಳಿದಿವೆ. ಅಲ್ಲಿಯೂ ಚಿಲುಮೆಗಳಿಗೆ ನೀರು ಹಾಯಿಸಿದ ಕೊಳವೆಗಳ ಏರ್ಪಾಡು ಕಟ್ಟಡಕ್ಕಿಂತ ಕುತೂಹಲಕರ.

ಕಡೆಗಣನೆಯ ಪರಿಣಾಮ ಬರಿಯ ಪ್ರವಾಸಿಗಳ ಸಂಖ್ಯೆಗೆ ಸಂಬಂಧಿಸಿದುದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯೂ ಅದಕ್ಕೆ 2010ರಲ್ಲಿ ಆದ ತಿದ್ದುಪಡಿಯೂ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯವನ್ನೂ ಅದರಾಚೆ 200 ಮೀಟರ್ ನಿಯಂತ್ರಿತ ವಲಯವನ್ನೂ ಗುರುತಿಸುತ್ತವೆ. ಈ ಕಲ್ಪನೆ ಕಟ್ಟಡಕ್ಕೆ ಹೊಂದುತ್ತದೆ: ನಡುವೆ ಸ್ಮಾರಕ, ಸುತ್ತ ವಲಯ. ಮೈಲುಗಟ್ಟಲೆ ಉದ್ದದ, ನೆಲದಡಿಯ, ಅಲ್ಲಲ್ಲಿ ಮಾತ್ರ ಬಾಯ್ತೆರೆದಿರುವ ಸುರಂಗಕ್ಕೆ ಅದನ್ನು ಅನ್ವಯಿಸುವುದು ಸುಲಭವಲ್ಲ. ಗಾಳಿಬಾವಿಯೊಂದು ರೈತನ ಹೊಲದಲ್ಲಿ ಇರಬಹುದು, ಇನ್ನೊಂದು ಹೊಸ ಬಡಾವಣೆಯ ನಿವೇಶನದಲ್ಲಿ. ಒಂದಕ್ಕೆ ಕಸ ತುಂಬಿದರೂ ನೀರಿನ ದಾರಿ ಅಲ್ಲಿಗೆ ನಿಲ್ಲುತ್ತದೆ. ಸಮೀಪದಲ್ಲಿ ಆಳವಾದ ಕೊಳವೆಬಾವಿ ಕೊರೆದರೆ ಸುರಂಗಕ್ಕೆ ಬರುವ ಅಂತರ್ಜಲವೇ ಇಳಿದುಹೋಗುತ್ತದೆ. ದಖನ್ ಸುಲ್ತಾನರ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದಾಗ ವಿಜಯಪುರವೂ ಅದರಲ್ಲಿತ್ತು. ಮುಂದೆ ಪೂರ್ಣ ಪ್ರಸ್ತಾವ ಸಿದ್ಧವಾಗುವಾಗ ಈ ನೀರಿನ ದಾರಿಯನ್ನು ಗುಮ್ಮಟ ಮತ್ತು ರೋಜಾಗಳೊಂದಿಗೆ ಒಂದೇ ಘಟಕವಾಗಿ ನಿರೂಪಿಸುವುದು ಉಚಿತ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಚಿಕ್ಕದು. ತೊರವಿಯಿಂದ ನಗರದ ಪಡುವಣ ಗೋಡೆಯವರೆಗೆ ನಡೆದು, ಉಳಿದಿರುವ ಪ್ರತಿಯೊಂದು ಗಾಳಿಬಾವಿಯನ್ನೂ ಗಂಜನ್ನೂ ಸರ್ವೆ ನಂಬರಿನೊಂದಿಗೆ ನಕಾಶೆಯಲ್ಲಿ ಗುರುತಿಸಿ, ಆ ನಕಾಶೆಯನ್ನು ನಗರಾಭಿವೃದ್ಧಿಯ ಕಚೇರಿಯಲ್ಲಿಯೂ ಮೂರು ತಾಲ್ಲೂಕು ಕಚೇರಿಗಳಲ್ಲಿಯೂ ಇರಿಸುವುದು. ಆ ಹೊಲಗಳನ್ನು ಉಳುವ ಹಿರಿಯರಿಗೆ ಬಾವಿಗಳ ಬಾಯಿ ಎಲ್ಲೆಲ್ಲಿತ್ತೆಂಬುದು ನೆನಪಿದೆ, ಮುಚ್ಚಿಹೋದವುಗಳದೂ ಸಹ.